ಕಪಾಟಿನ ಪಕ್ಕದಲ್ಲೇ ಪೌರತ್ವದ ಪಾಠ

ಅಮೆರಿಕದ ಪೌರತ್ವ ಪರೀಕ್ಷೆ ಬಿಗಿಯಾಗಿದೆ. ಮೊದಲು 100 ಪ್ರಶ್ನೆಗಳ ಪಟ್ಟಿಯಿಂದ ಹತ್ತು ಕೇಳುತ್ತಿದ್ದರು, ಆರಕ್ಕೆ ಸರಿಯುತ್ತರ ಕೊಟ್ಟರೆ ಸಾಕಿತ್ತು. 2025ರ ಅಕ್ಟೋಬರ್ 20ರಿಂದ ಅರ್ಜಿ ಹಾಕಿದವರಿಗೆ ಪಟ್ಟಿ 128ಕ್ಕೇರಿದೆ. ಇಪ್ಪತ್ತರಲ್ಲಿ ಹನ್ನೆರಡು ಸರಿಯಿರಬೇಕು. ಇಂಥ ಹೊತ್ತಿನಲ್ಲಿ ವಲಸಿಗರಿಗೆ ಬಿಡಿಗಾಸಿಲ್ಲದೆ ಒದಗುವ ಜಾಗ ಅಲ್ಲಿನ ಸಾರ್ವಜನಿಕ ಗ್ರಂಥಾಲಯ. ಲಾಸ್ ಏಂಜಲೀಸ್‌ನಂಥ ನಗರಗಳ ಗ್ರಂಥಾಲಯಗಳಲ್ಲಿ ಪೌರತ್ವಕ್ಕೆಂದೇ ಒಂದು ಮೂಲೆಯುಂಟು: ಅರ್ಜಿ, ಕೈಪಿಡಿ, ಅಭ್ಯಾಸದ ಚೀಟಿಗಳು, ಸಂಜೆಯ ಇಂಗ್ಲಿಷ್ ತರಗತಿ.

ಗ್ರಂಥಪಾಲಕರು ಕಾನೂನು ಸಲಹೆ ಕೊಡುವಂತಿಲ್ಲ. ಆದರೆ ಯಾರನ್ನು ಕೇಳಬೇಕೆಂದು ತೋರಿಸಬಲ್ಲರು. ಅದೇನು ಸಣ್ಣ ಉಪಕಾರವಲ್ಲ, ಏಕೆಂದರೆ ಮೋಸಗಾರರ ಬಲೆಗೆ ಬೀಳುವುದು ಸುಲಭ. ಲ್ಯಾಟಿನ್ ಅಮೆರಿಕದಲ್ಲಿ 'ನೋಟಾರಿಯೋ' ಎಂದರೆ ಪರಿಣತ ವಕೀಲ. ಅಮೆರಿಕದ ನೋಟರಿ ಬರೀ ಸಹಿಗೆ ಸಾಕ್ಷಿ. ಈ ಹೆಸರಿನ ಗೊಂದಲವನ್ನೇ ಬಂಡವಾಳ ಮಾಡಿಕೊಂಡು ಹಣ ಸುಲಿದು, ತಪ್ಪು ಅರ್ಜಿ ಹಾಕಿಸುವವರಿದ್ದಾರೆ. ಒಂದು ತಪ್ಪು ಅರ್ಜಿ ಗಡೀಪಾರಿನವರೆಗೂ ಎಳೆದೊಯ್ಯಬಹುದು. ಹಾರ್ಟ್‌ಫರ್ಡ್ ನಗರದ ಗ್ರಂಥಾಲಯವಂತೂ ಅಮೆರಿಕದ ನ್ಯಾಯ ಇಲಾಖೆಯ ಮಾನ್ಯತೆಯನ್ನೇ ಪಡೆದು ವಲಸೆ ಕಾನೂನಿನ ನೆರವು ನೀಡಿದೆ.

ಅಮೆರಿಕದಲ್ಲಿ ಮಕ್ಕಳ ಬಳಿ ನೆಲೆಸಿರುವ ನಮ್ಮ ಹಿರಿಯರೂ ಒಮ್ಮೆ ಗ್ರಂಥಾಲಯದಲ್ಲಿ ವಿಚಾರಿಸಲಿ. 55 ತುಂಬಿ, ಗ್ರೀನ್ ಕಾರ್ಡ್ ಪಡೆದು 15 ವರ್ಷ ಅಲ್ಲೇ ಬಾಳಿದವರಿಗೆ ಇಂಗ್ಲಿಷ್ ಪರೀಕ್ಷೆಯಿಲ್ಲ. ಇತಿಹಾಸ, ಸರ್ಕಾರದ ಪ್ರಶ್ನೆಗಳಿಗೆ ದುಭಾಷಿಯ ಮೂಲಕ ಕನ್ನಡದಲ್ಲೇ ಉತ್ತರಿಸಬಹುದು. ಆದರೆ ಅಮೆರಿಕದ ಪೌರತ್ವ ಪಡೆದ ದಿನವೇ ಭಾರತದ ಪೌರತ್ವ ಮುಗಿಯುತ್ತದೆ ಎಂಬುದನ್ನೂ ಮೊದಲೇ ತಿಳಿದಿರಲಿ.