ಹಿತ್ತಲ ಗಿಡವೂ ಮದ್ದು, ಸೂಜಿ ದಾರವೂ ಮದ್ದು



ಈ ಸಲ ಒಂದು ತಪ್ಪೊಪ್ಪಿಗೆಯಿಂದ ಆರಂಭಿಸುತ್ತೇನೆ. ಭದ್ರಾವತಿಯ ನನ್ನ ದವಾಖಾನೆಯಲ್ಲಿ ಕುಳಿತು 18 ವರ್ಷಗಳಿಂದ "ಮಕ್ಕಳಿಗೆ ಸೊಪ್ಪು ತಿನ್ನಿಸಿ, ಬೇಕರಿ ತಿಂಡಿ ಕಡಿಮೆ ಮಾಡಿ" ಎಂದು ತಾಯಂದಿರಿಗೆ ಹೇಳುತ್ತ ಬಂದವಳು ನಾನು. ಕಳೆದ ರಮಝಾನ್‌ನ ಎರಡನೇ ವಾರ, ಅಸರ್ ನಮಾಝಿಗೆ ವುಝೂ ಮಾಡುತ್ತಿದ್ದ ನನ್ನ 13 ವರ್ಷದ ಮಗಳೇ ತಲೆ ಸುತ್ತಿ ನಲ್ಲಿಯ ಬಳಿ ಕುಸಿದಳು. ರಕ್ತ ಪರೀಕ್ಷೆ ಮಾಡಿಸಿದೆ. ಹಿಮೋಗ್ಲೋಬಿನ್ 9.1. ಆ ವಯಸ್ಸಿನ ಹೆಣ್ಣುಮಕ್ಕಳಿಗೆ ಅದು 12ಕ್ಕಿಂತ ಕೆಳಗೆ ಇಳಿಯಬಾರದು.

ಅಂದು ರಾತ್ರಿ ಮೊದಲ ಬಾರಿಗೆ ನನ್ನ ರೋಗಿಗಳನ್ನು ಕೇಳುವಂತೆ ನನ್ನ ಮಗಳನ್ನೇ ಕೇಳಿದೆ: "ದಿನಕ್ಕೆ ಏನೇನು ತಿಂತೀಯ?" ಬೆಳಿಗ್ಗೆ ಚಹಾ ಮತ್ತು ಬನ್. ಮಧ್ಯಾಹ್ನದ ಡಬ್ಬಿಯಲ್ಲಿ ನೂಡಲ್ಸ್. ಸಂಜೆ ಮತ್ತೆ ಚಹಾ, ಪಫ್ಸ್. ರಾತ್ರಿ ನಾನು ಬರುವುದು ತಡವಾದರೆ ಹೋಟೆಲಿನ ಪಾರ್ಸೆಲ್. ಶಾಲೆಯಲ್ಲಿ ವಾರಕ್ಕೊಮ್ಮೆ ಕೊಡುವ ನೀಲಿ ಬಣ್ಣದ ಕಬ್ಬಿಣಾಂಶದ ಮಾತ್ರೆಯನ್ನು ಅವಳು ಬ್ಯಾಗಿನ ಜೇಬಿಗೆ ಹಾಕಿಕೊಂಡು ಬಂದು ಎಸೆಯುತ್ತಿದ್ದಳು. "ಹೊಟ್ಟೆ ತೊಳಸುತ್ತೆ ಅಮ್ಮಿ" ಎಂದಳು. ಪಕ್ಕದ ಮನೆಯ ಮಗುವಿನ ನಾಡಿ ಹಿಡಿಯುತ್ತಿದ್ದವಳು ಸ್ವಂತ ಮಗಳ ತಟ್ಟೆ ನೋಡಿರಲಿಲ್ಲ. ನಮ್ಮ ರಾಜ್ಯದಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಹೆಂಗಸರಲ್ಲಿ ರಕ್ತಹೀನತೆ ಇದೆ ಎಂದು ಭಾಷಣದಲ್ಲಿ ಹೇಳುತ್ತಿದ್ದೆ. ಆ ಅರ್ಧದಲ್ಲಿ ನನ್ನ ಮನೆಯೂ ಸೇರಿತ್ತು.

ಕಾಗದನಗರದ ಹಿತ್ತಲು

ನಾನು ಬೆಳೆದದ್ದು ಕಾಗದನಗರದ ಕ್ವಾರ್ಟರ್ಸ್‌ನಲ್ಲಿ. ಮೈಸೂರು ಕಾಗದ ಕಾರ್ಖಾನೆ, ಅಂದರೆ ನಮ್ಮೆಲ್ಲರ ಬಾಯಲ್ಲಿ ಎಂಪಿಎಂ, 1936ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಭದ್ರಾ ನದಿಯ ದಡದಲ್ಲಿ ಹುಟ್ಟಿದ್ದು. ಅಬ್ಬಾ ಅಲ್ಲಿ ಶಿಫ್ಟಿನ ಕೆಲಸಗಾರ. ಸೈರನ್ನಿಗೆ ಮನೆ ಏಳುತ್ತಿತ್ತು, ಸೈರನ್ನಿಗೆ ಊಟಕ್ಕೆ ಕೂರುತ್ತಿತ್ತು. ಸಂಬಳ ದೊಡ್ಡದಲ್ಲ, ಮಕ್ಕಳು ಐವರು. ಆದರೆ ಹಿತ್ತಲಲ್ಲಿ ಒಂದು ನುಗ್ಗೆ ಮರ, ಒಂದು ನಿಂಬೆ, ಕರಿಬೇವು, ಚಪ್ಪರಕ್ಕೆ ಹಬ್ಬಿದ ಬಸಳೆ, ಬಚ್ಚಲ ನೀರು ಹೋಗುವ ಕಡೆ ಬಾಳೆ, ಬಾಗಿಲ ಬಳಿ ದೊಡ್ಡಪತ್ರೆ ಮತ್ತು ಪುದೀನ. ಅಮ್ಮಿ ಮಧ್ಯಾಹ್ನ ಹೊಲಿಗೆ ಯಂತ್ರದ ಮುಂದೆ ಕೂರುತ್ತಿದ್ದರು. ನನ್ನ ಯೂನಾನಿ ಪದವಿಯ ಮೊದಲ ವರ್ಷದ ಫೀಸಿನಲ್ಲಿ ಅರ್ಧ ಆ ಯಂತ್ರದಿಂದ ಬಂದದ್ದು.

2015ರ ನಂತರ ಕಾರ್ಖಾನೆಯ ಯಂತ್ರಗಳು ನಿಂತವು. ಸೈರನ್ನಿನ ಜೊತೆಗೆ ಮನೆಗಳ ದಿನಚರಿಯೂ ನಿಂತಿತು. ಕೆಲವರು ಊರು ಬಿಟ್ಟರು, ಕೆಲವರು ಬಾಡಿಗೆ ಮನೆ ಹಿಡಿದರು. ನಾನು ಇದನ್ನು ಆರ್ಥಿಕ ಸಮಸ್ಯೆ ಎಂದೇ ತಿಳಿದಿದ್ದೆ. ನನ್ನ ದವಾಖಾನೆಯ ಬೆಂಚು ಬೇರೆ ಪಾಠ ಹೇಳಿತು. ಮೂವತ್ತು ವರ್ಷ ದುಡಿದ ಗಂಡಸರು ಕುರ್ಚಿ ಹಿಡಿದು ಕೂತರು. ನಿದ್ದೆ ಕೆಟ್ಟಿತು, ಬಿಪಿ ಏರಿತು, ಸಕ್ಕರೆ ಏರಿತು, ಮಾತು ಕಡಿಮೆಯಾಯಿತು. ಹೆಂಗಸರು ಹೊರಗೆ ದುಡಿಯಲು ಹೋದರು. ಒಲೆಯ ಬಳಿ ಯಾರೂ ಇಲ್ಲದ ಮನೆಗೆ ಪ್ಯಾಕೆಟ್ಟುಗಳು ತಾವಾಗಿ ಬಂದು ಕೂತವು.

ಆರು ಅಗತ್ಯಗಳು, ಒಂದು ಮನೆ

ಯೂನಾನಿ ವೈದ್ಯದಲ್ಲಿ 'ಅಸ್ಬಾಬೆ ಸಿತ್ತಾ ಝರೂರಿಯಾ' ಎಂಬ ಪಾಠವಿದೆ. ಆರೋಗ್ಯಕ್ಕೆ ಅನಿವಾರ್ಯವಾದ ಆರು ಸಂಗತಿಗಳು: ಶುದ್ಧ ಗಾಳಿ, ಆಹಾರ ಮತ್ತು ನೀರು, ದೇಹದ ಚಲನೆ ಮತ್ತು ವಿಶ್ರಾಂತಿ, ಮನಸ್ಸಿನ ಚಲನೆ ಮತ್ತು ವಿಶ್ರಾಂತಿ, ನಿದ್ದೆ ಮತ್ತು ಎಚ್ಚರ, ದೇಹದಲ್ಲಿ ಉಳಿಯಬೇಕಾದದ್ದು ಉಳಿದು ಹೋಗಬೇಕಾದದ್ದು ಹೋಗುವುದು. ಇಬ್ನ್ ಸೀನಾ ಅವರ 'ಅಲ್ ಖಾನೂನ್' ಗ್ರಂಥದಲ್ಲೂ ಇವುಗಳಿಗೆ ದೊಡ್ಡ ಸ್ಥಾನವಿದೆ. ಮದ್ದು ಕೊಡುವ ಮೊದಲು ಹಕೀಮನು ಈ ಆರನ್ನು ವಿಚಾರಿಸಬೇಕು.

ಈಗ ನೋಡಿ, ಈ ಆರರಲ್ಲಿ ಯಾವುದು ಮೆಡಿಕಲ್ ಶಾಪಿನಲ್ಲಿ ಸಿಗುತ್ತದೆ? ಒಂದೂ ಇಲ್ಲ. ಆರೂ ಮನೆಯಲ್ಲೇ ಇವೆ. ಆದ್ದರಿಂದ ಅಡುಗೆ, ಹಿತ್ತಲು, ಹೊಲಿಗೆ ಇವು 'ಕೆಲಸವಿಲ್ಲದವರ ಕೆಲಸ' ಅಲ್ಲ, ಚಿಕಿತ್ಸೆಯ ಮೊದಲ ಮೆಟ್ಟಿಲು ಎಂಬುದು ನನ್ನ ಖಚಿತ ಅಭಿಪ್ರಾಯ. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆ ನಮ್ಮ ಅಸಡ್ಡೆಯನ್ನು ಹೇಳುತ್ತದೆಯೇ ಹೊರತು ಗಿಡದ ದೋಷವನ್ನಲ್ಲ.

ಹಾಗೆಂದು ಹಳೆಯದೆಲ್ಲ ಒಳ್ಳೆಯದು ಎನ್ನುವವಳೂ ನಾನಲ್ಲ. ಅಮ್ಮಿಯ ಕೆಮ್ಮಿಗೆ ಸೌದೆ ಒಲೆಯ ಹೊಗೆಯ ಪಾಲು ದೊಡ್ಡದಿತ್ತು. ಗ್ಯಾಸ್ ಒಲೆ ಬಂದದ್ದು ರಹಮತ್ತೇ ಸರಿ. ಉಳಿಸಿಕೊಳ್ಳಬೇಕಾದದ್ದನ್ನು ಆರಿಸಿ ಉಳಿಸೋಣ.

ಅಡುಗೆಮನೆ: ಮೂರು ಸಣ್ಣ ಪರೀಕ್ಷೆಗಳು

ಮೊದಲನೆಯದು ಉಪ್ಪಿನ ಪರೀಕ್ಷೆ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ವಯಸ್ಕರೊಬ್ಬರಿಗೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ಸಾಕು. ನಾಲ್ಕು ಜನರ ಮನೆಗೆ ತಿಂಗಳಿಗೆ 600 ಗ್ರಾಂ ಆಯಿತು. ನಿಮ್ಮ ಮನೆಯಲ್ಲಿ ಒಂದು ಕೆಜಿ ಪ್ಯಾಕೆಟ್ ಒಡೆದ ದಿನವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಇಪ್ಪತ್ತು ದಿನಕ್ಕೆ ಖಾಲಿಯಾದರೆ ತಲೆಗೆ ಹನ್ನೆರಡು ಗ್ರಾಂ ದಾಟಿದಿರಿ. ಉಪ್ಪಿನಕಾಯಿ, ಹಪ್ಪಳ, ಬೇಕರಿಯ ಖಾರ ತಿಂಡಿ ಬೇರೆ.

ಎರಡನೆಯದು ಚಹಾದ ಪರೀಕ್ಷೆ. ಊಟದ ಜೊತೆ ಅಥವಾ ಊಟ ಮುಗಿದ ಕೂಡಲೇ ಕುಡಿಯುವ ಚಹಾ, ಸೊಪ್ಪು ಬೇಳೆಯಲ್ಲಿರುವ ಕಬ್ಬಿಣಾಂಶವನ್ನು ದೇಹ ಹೀರಿಕೊಳ್ಳದಂತೆ ತಡೆಯುತ್ತದೆ. ಒಂದು ಗಂಟೆ ಅಂತರವಿರಲಿ. ನಿಂಬೆ ಇದಕ್ಕೆ ವಿರುದ್ಧ, ಅದು ಹೀರಿಕೊಳ್ಳಲು ನೆರವಾಗುತ್ತದೆ. ನುಗ್ಗೆಸೊಪ್ಪಿನ ಪಲ್ಯಕ್ಕೆ, ದಾಲ್‌ಗೆ, ಒಲೆಯಿಂದ ಇಳಿಸಿದ ಮೇಲೆ ನಿಂಬೆ ಹಿಂಡಿ. ನಮ್ಮ ಮನೆಗಳಲ್ಲಿ ಮಾಡುವ ಹುಳಿ ಸಾರು, ಖಟ್ಟಾಗಳನ್ನು ವಾರಕ್ಕೆ ಎರಡು ಮೂರು ಸಲ ಕಬ್ಬಿಣದ ಬಾಣಲೆಯಲ್ಲಿ ಮಾಡಿ, ಬೆಂದ ಕೂಡಲೇ ಬೇರೆ ಪಾತ್ರೆಗೆ ಸುರಿಯಿರಿ. ಮಾಂಸದ ಅಂಗಡಿಗೆ ಹೋದಾಗ ಮಕ್ಕಳಿಗಾಗಿ ಸ್ವಲ್ಪ ಕಲೇಜಿಯನ್ನೂ ತನ್ನಿ. ಗರ್ಭಿಣಿಯರು ಮಾತ್ರ ವೈದ್ಯರನ್ನು ಕೇಳದೆ ಅದನ್ನು ತಿನ್ನಬೇಡಿ.

ಮೂರನೆಯದು ಒರೆಸುವ ಬಟ್ಟೆಯ ಪರೀಕ್ಷೆ. ಕೈ, ಕಟ್ಟೆ, ತಟ್ಟೆ ಮೂರಕ್ಕೂ ಒಂದೇ ಬಟ್ಟೆಯಾದರೆ ಅಡುಗೆ ಎಷ್ಟು ರುಚಿಯಾದರೇನು? ಕೋಳಿ, ಮೀನು ತೊಳೆದ ಕಟ್ಟೆಗೆ ಒಂದು ಬಟ್ಟೆ ಬೇರೆಯೇ ಇಡಿ. ದಿನವೂ ಬಿಸಿನೀರಿನಲ್ಲಿ ಅದ್ದಿ ಬಿಸಿಲಿಗೆ ಹಾಕಿ. ಬಾಯಿ ತೊಳೆದ ಮಾತ್ರಕ್ಕೆ ತಹಾರತ್ ಮುಗಿಯುವುದಿಲ್ಲ, ಅದು ಕಟ್ಟೆಯ ಮೇಲೂ ಕಾಣಬೇಕು.

ಹಿತ್ತಲಿಲ್ಲದವರ ಹಿತ್ತಲು

"ಡಾಕ್ಟರ್ ಬಾಜಿ, ನಮ್ಮದು ಬಾಡಿಗೆ ಮನೆ, ಮೇಲಿನ ಮಹಡಿ" ಎನ್ನುವವರಿಗೆ ನನ್ನ ಉತ್ತರ: ಎಣ್ಣೆಯ ಹಳೆ ಡಬ್ಬಿಗಳು. ತಳಕ್ಕೆ ನಾಲ್ಕು ತೂತು, ಅರ್ಧ ಮಣ್ಣು, ಅರ್ಧ ಹಳೆ ಸಗಣಿ ಗೊಬ್ಬರ. ಮೊದಲ ವರ್ಷ ಐದು ಸಾಕು: ಪುದೀನ, ದೊಡ್ಡಪತ್ರೆ, ಹರಿವೆ, ಬಸಳೆ, ಮೆಂತ್ಯ. ಮನೆ ಬದಲಾಯಿಸುವಾಗ ಡಬ್ಬಿಯೂ ಜೊತೆಗೆ ಬರುತ್ತದೆ. ಆರನೆಯದು ತಾನಾಗಿಯೇ ಹುಟ್ಟುತ್ತದೆ, ಕಳೆ ಎಂದು ಕಿತ್ತು ಎಸೆಯುವ ಗೋಣಿಸೊಪ್ಪು. ನಮ್ಮ ಗ್ರಂಥಗಳಲ್ಲಿ ಇದೇ 'ಖುರ್ಫಾ', ತಂಪು ಗುಣದ ಸೊಪ್ಪು. ಬೇಳೆಯ ಜೊತೆ ಬೇಯಿಸಿದರೆ ಬೇಸಗೆಗೆ ಹಿತ. ಮೂತ್ರಪಿಂಡದಲ್ಲಿ ಕಲ್ಲು ಇರುವವರು ಮಾತ್ರ ದೂರವಿಡಿ.

ಗಿಡದ ಜೊತೆ ಎರಡು ಎಚ್ಚರಿಕೆ. ಡಬ್ಬಿಯ ತಟ್ಟೆಯಲ್ಲಿ ನಿಂತ ನೀರು ಡೆಂಗೆ ಸೊಳ್ಳೆಯ ತೊಟ್ಟಿಲು. ಮೊಟ್ಟೆ ಸೊಳ್ಳೆಯಾಗಲು ಹೆಚ್ಚುಕಡಿಮೆ ಒಂದು ವಾರ ಸಾಕು. ಪ್ರತಿ ಜುಮಾ ದಿನ ಸ್ನಾನಕ್ಕೆ ಮೊದಲು ಎಲ್ಲ ತಟ್ಟೆ, ಹೂಜಿ, ಹಳೆ ಟೈರು ಕವುಚಿ ಉಜ್ಜಿ. ಎರಡನೆಯದು ನಮ್ಮ ಮಲೆನಾಡಿನದೇ ಸಂಕಟ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಮಂಗನ ಕಾಯಿಲೆ ಇನ್ನೂ ನಮ್ಮ ಜಿಲ್ಲೆಯನ್ನು ಬಿಟ್ಟಿಲ್ಲ. ಅದನ್ನು ಹರಡುವುದು ಉಣುಗು. ಗೊಬ್ಬರಕ್ಕೆಂದು ಚಳಿಗಾಲ, ಬೇಸಗೆಯಲ್ಲಿ ಕಾಡಿನ ತರಗೆಲೆ ತಂದು ಹಿತ್ತಲಲ್ಲಿ ಹರಡಬೇಡಿ. ಕಾಯಿಲೆ ಕಂಡ ಕಡೆ ಕಾಡಿಗೆ ಹೋಗಲೇಬೇಕಾದರೆ ಆರೋಗ್ಯ ಇಲಾಖೆ ಕೊಡುವ ಎಣ್ಣೆ ಹಚ್ಚಿಕೊಳ್ಳಿ, ಬಂದ ಮೇಲೆ ಬಿಸಿನೀರಿನಲ್ಲಿ ಸ್ನಾನ ಮಾಡಿ ಬಟ್ಟೆ ಒಗೆಯಿರಿ.

ದೊಡ್ಡಪತ್ರೆ ರಸ ಸಣ್ಣ ಕೆಮ್ಮಿಗೆ ಸರಿ. ಆದರೆ ಮಗು ಏದುಸಿರು ಬಿಡುತ್ತಿದ್ದರೆ, ಜ್ವರ ಎರಡು ದಿನ ದಾಟಿದರೆ ಎಲೆ ಹುಡುಕುತ್ತ ಕೂರದೆ ಆಸ್ಪತ್ರೆಗೆ ನಡೆಯಿರಿ. ಒಂದು ವರ್ಷ ತುಂಬದ ಮಗುವಿಗೆ ಜೇನು ನೆಕ್ಕಿಸಬೇಡಿ. ಸಕ್ಕರೆ ಕಾಯಿಲೆಯ ಮಾತ್ರೆಯನ್ನು ಯಾವ ಸೊಪ್ಪನ್ನೂ ನಂಬಿ ನಿಲ್ಲಿಸಬೇಡಿ. ಇದನ್ನು ಯೂನಾನಿ ವೈದ್ಯೆಯಾಗಿಯೇ ಹೇಳುತ್ತಿದ್ದೇನೆ.

ಸೂಜಿ ದಾರದ ಆರೋಗ್ಯ

ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ ಕಡೆಯ ಸಿದ್ದಿ ಹೆಂಗಸರು ಹಳೆ ಬಟ್ಟೆಯ ತುಂಡುಗಳಿಂದ 'ಕವಂದಿ' ಎಂಬ ಕೌದಿ ಹೊಲಿಯುತ್ತಾರೆ. ಅವರಲ್ಲಿ ನಮ್ಮ ಮುಸ್ಲಿಮ್ ಸಹೋದರಿಯರೂ ಇದ್ದಾರೆ. ಅಂಚಿನಿಂದ ಒಳಕ್ಕೆ ಸುತ್ತಿ ಸುತ್ತಿ ಹೊಲಿದು, ನಾಲ್ಕು ಮೂಲೆಗೂ ಮಡಚಿದ ಬಟ್ಟೆಯ ಹೂವು ಇಟ್ಟರೇ ಅದು ಪೂರ್ತಿ. ಹರಿದ ಸೀರೆ, ಮಗನ ಹಳೆ ಅಂಗಿ ಮಗುವಿನ ಹಾಸಿಗೆಯಾಗುತ್ತದೆ. ಬಡತನದ ಮಾತಷ್ಟೇ ಅಲ್ಲ ಇದು. ನಾಲ್ವರು ಒಟ್ಟಿಗೆ ಕೂತು ಹೊಲಿಯುವಾಗ ಮನಸ್ಸಿನ ಗಂಟೂ ಸಡಿಲವಾಗುತ್ತದೆ. ಆರು ಅಗತ್ಯಗಳಲ್ಲಿ ನಾಲ್ಕನೆಯದು ಇದೇ.

ಇನ್ನೊಂದು ಮಾತು, ತಾಯಂದಿರು ಸಂಕೋಚ ಬಿಟ್ಟು ಓದಬೇಕು. ತಿಂಗಳ ಮುಟ್ಟಿಗೆ ಬಟ್ಟೆ ಬಳಸುವ ಹೆಣ್ಣುಮಕ್ಕಳು ನಮ್ಮಲ್ಲಿ ಇನ್ನೂ ಇದ್ದಾರೆ. ಬಟ್ಟೆ ತಪ್ಪಲ್ಲ. ಯಾರಿಗೂ ಕಾಣಬಾರದೆಂದು ಬಚ್ಚಲ ಕತ್ತಲಲ್ಲಿ, ಬೇರೆ ಬಟ್ಟೆಯ ಅಡಿಯಲ್ಲಿ ಹಸಿಯಾಗಿ ಒಣಗಿಸುವುದು ತಪ್ಪು. ತುರಿಕೆ, ಸೋಂಕು ಅಲ್ಲಿಂದಲೇ ಶುರು. ಮಗಳಿಗೆ ಹತ್ತಿಯ ಬಟ್ಟೆಯಲ್ಲಿ ಪದರು ಮಡಚಿ ಪ್ಯಾಡ್ ಹೊಲಿಯಲು ಕಲಿಸಿ. ತಣ್ಣೀರಲ್ಲಿ ನೆನೆಸಿ, ಸಾಬೂನಿನಿಂದ ಒಗೆದು, ಪೂರ್ತಿ ಬಿಸಿಲಿನಲ್ಲಿ ಒಣಗಿಸುವುದನ್ನು ಅದಕ್ಕಿಂತ ಮೊದಲು ಕಲಿಸಿ. ಹಯಾ ಇರಬೇಕು, ಆದರೆ ಅದು ಕಾಯಿಲೆಗೆ ಪರದೆಯಾಗಬಾರದು.

ಇದು ಯಾರ ಕೆಲಸ?

ಇಷ್ಟು ಓದಿದ ಸಹೋದರಿಯರು ಮನಸ್ಸಿನಲ್ಲಿ ಕೇಳುತ್ತಿರಬಹುದು, "ಇದನ್ನೂ ನಮ್ಮ ತಲೆಗೇ ಕಟ್ಟುತ್ತೀರಾ?" ನ್ಯಾಯವಾದ ಪ್ರಶ್ನೆ. ನಾನೂ ಹೊರಗೆ ದುಡಿಯುವವಳೇ. ಆಸ್ಪತ್ರೆ, ಶಾಲೆ, ಗಾರ್ಮೆಂಟ್ಸ್ ಕೆಲಸ ಮುಗಿಸಿ ಬಂದವಳಿಗೆ "ಮಸಾಲೆ ರುಬ್ಬು, ಗಿಡಕ್ಕೆ ನೀರು ಹಾಕು, ಗುಂಡಿ ಹೊಲಿ" ಎಂದರೆ ಅದು ಆರೋಗ್ಯ ಸಲಹೆಯಲ್ಲ, ಝುಲ್ಮ್.

ಪ್ರವಾದಿಯವರು(ಸ) ಮನೆಯಲ್ಲಿ ಏನು ಮಾಡುತ್ತಿದ್ದರು ಎಂದು ಕೇಳಿದವರಿಗೆ ಮಾತೆ ಆಯಿಶಾ(ರ) ಕೊಟ್ಟ ಉತ್ತರವನ್ನು ನಾವೆಲ್ಲ ಕೇಳಿದ್ದೇವೆ. ಅವರು ಮನೆಯವರ ಕೆಲಸದಲ್ಲಿ ಕೈ ಸೇರಿಸುತ್ತಿದ್ದರು, ತಮ್ಮ ಬಟ್ಟೆಯನ್ನು ತಾವೇ ಹೊಲಿದುಕೊಳ್ಳುತ್ತಿದ್ದರು, ಪಾದರಕ್ಷೆಯನ್ನು ತಾವೇ ಸರಿಪಡಿಸಿಕೊಳ್ಳುತ್ತಿದ್ದರು, ನಮಾಝಿನ ಹೊತ್ತಾದಾಗ ನಮಾಝಿಗೆ ಹೊರಡುತ್ತಿದ್ದರು. ಸುನ್ನತ್ ಎಂದರೆ ಗಡ್ಡ, ಮಿಸ್ವಾಕ್ ಮಾತ್ರವಲ್ಲ, ಸೂಜಿ ದಾರವೂ ಸುನ್ನತ್ ಎಂದು ನಮ್ಮ ಗಂಡುಮಕ್ಕಳಿಗೆ ಹೇಳುವವರು ಯಾರು?

ನನ್ನ ಮನೆಯಲ್ಲಿ ಹೇಳಿದ್ದು ಅಬ್ಬಾ. ಮೊಮ್ಮಗಳು ಬಿದ್ದ ಮರುವಾರ, 74 ವರ್ಷದ ಅವರು ಆರು ಎಣ್ಣೆ ಡಬ್ಬಿಗಳನ್ನು ಟೆರೇಸಿಗೆ ಹೊತ್ತರು. ಕಾರ್ಖಾನೆ ನಿಂತ ಮೇಲೆ ಅವರ ಕೈಯಲ್ಲಿ ಕೆಲಸ ನೋಡಿದ್ದು ನಾನು ಅಂದೇ. ಈಗ ಸೊಪ್ಪು ಬಿಡಿಸುವುದು ಅವರ ಇಲಾಖೆ, ರಾತ್ರಿಯ ರೊಟ್ಟಿ ನನ್ನ ಗಂಡನದು, ಡಬ್ಬಿ ತುಂಬುವುದು ನನ್ನದು. ಅಮ್ಮಿಯ ಹೊಲಿಗೆ ಯಂತ್ರದ ಮೇಲಿನ ಮುಸುಕು ತೆಗೆದು ಎಣ್ಣೆ ಬಿಟ್ಟದ್ದು ನನ್ನ ಮಗ. ಮೊದಲು ಹೊಲಿದದ್ದು ತನ್ನದೇ ಪ್ಯಾಂಟಿನ ಜೇಬು, ಸೊಟ್ಟಗೆ.

ಮಗಳಿಗೆ ಮಕ್ಕಳ ತಜ್ಞರು ಕಬ್ಬಿಣಾಂಶದ ಮಾತ್ರೆ, ಜಂತುಹುಳದ ಮಾತ್ರೆ ಕೊಟ್ಟರು. ಮನೆಯೂಟ ಅದರ ಬೆನ್ನಿಗೆ ನಿಂತಿತು. ಮೂರು ತಿಂಗಳ ಬಳಿಕ 11.6. ಇನ್ನೂ 12 ಮುಟ್ಟಬೇಕು. ಮಾತ್ರೆ ಎಷ್ಟು ಮಾಡಿತು, ನುಗ್ಗೆಸೊಪ್ಪು ಎಷ್ಟು ಮಾಡಿತು ಎಂದು ತೂಗಲು ಹೋಗುವುದಿಲ್ಲ. ಆದರೆ ಈಗ ಆ ಮಾತ್ರೆಯನ್ನು ಅವಳು ಎಸೆಯುತ್ತಿಲ್ಲ. ಊಟಕ್ಕೆ ನಾವೆಲ್ಲ ಒಟ್ಟಿಗೆ ಕೂರುತ್ತೇವೆ, ಅವಳ ತಟ್ಟೆ ನನಗೆ ಕಾಣುತ್ತದೆ.

ನಿಮ್ಮಲ್ಲಿ ನನ್ನ ಕೋರಿಕೆ ಸಣ್ಣದು. ಎಲ್ಲವನ್ನೂ ಒಂದೇ ದಿನ ಮಾಡಬೇಡಿ. ಈ ತಿಂಗಳು ಒಂದು ಡಬ್ಬಿ ಪುದೀನ ನೆಡಿ, ದಿನಕ್ಕೆ ಒಂದು ಹೊತ್ತು ಎಲ್ಲರೂ ಒಟ್ಟಿಗೆ ಮನೆಯೂಟ ಮಾಡಿ, ಮನೆಯ ಒಬ್ಬ ಗಂಡುಮಗನಿಗೆ ಒಂದು ಗುಂಡಿ ಹೊಲಿಯಲು ಕಲಿಸಿ. ಮತ್ತೆ ಇಂದು ರಾತ್ರಿಯೇ ನಿಮ್ಮ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಕೇಳಿ: "ದಿನಕ್ಕೆ ಏನೇನು ತಿಂತೀಯ?"

ಅಲ್ಲಾಹನು ನಮ್ಮ ಮನೆಗಳಿಗೆ ಆರೋಗ್ಯವನ್ನೂ ಬರಕತ್ತನ್ನೂ ಕರುಣಿಸಲಿ. ಆಮೀನ್.