ಗಲೀಜು ಯಾರದು, ಗಂಟುಮೂಟೆ ಯಾರದು?

ಬೆಂಗಳೂರಿಗೂ ಕೆರೆ ಒತ್ತುವರಿ ಕೆಡವುವ ಒಂದು ‘ಹೈಡ್ರಾ’ ಬೇಕಂತೆ. ಜೋರು ಮಳೆ ಸುರಿದು ಯಾವುದಾದರೂ ಲೇಔಟಿನ ನೆಲಮಾಳಿಗೆಗೆ ನೀರು ನುಗ್ಗಿತೆಂದರೆ ಸಾಕು, ಈ ಮಂತ್ರ ಶುರು. ‘ಹೈದರಾಬಾದಿನವರನ್ನು ನೋಡಿ ಕಲಿಯಿರಿ, ಅಲ್ಲಿ ಸಿನಿಮಾ ನಟರ ಕಟ್ಟಡವನ್ನೂ ಬಿಡಲಿಲ್ಲ’ ಎಂದು ಕಾಫಿ ಹೀರುತ್ತಾ ಉಪದೇಶ. ನಿಜ, ಬಿಡಲಿಲ್ಲ. 2024ರ ಆಗಸ್ಟ್‌ನಲ್ಲಿ ಮಾದಾಪುರದ ಎನ್ ಕನ್ವೆನ್ಷನ್ ಸಭಾಂಗಣ ನೆಲಕ್ಕುರುಳಿದಾಗ ಚಪ್ಪಾಳೆ ಹೊಡೆದವರಲ್ಲಿ ನಮ್ಮವರೂ ಇದ್ದರು. ಆದರೆ ಮರು ತಿಂಗಳ ಕೊನೆಗೆ ಅದೇ ಊರಿನ ಚಾದರ್‌ಘಾಟ್, ಮೂಸಾರಾಂಬಾಗ್, ಲಂಗರ್ ಹೌಸ್ ಗಲ್ಲಿಗಳಲ್ಲಿ ಬಡವರ ಮನೆ ಗೋಡೆಗಳ ಮೇಲೆ ಕೆಂಪು ಬಣ್ಣದಲ್ಲಿ ತೆರವಿನ ಗುರುತು ‘ಆರ್‌ಬಿ-ಎಕ್ಸ್’ ಎಂದು ಬರೆದು ಹೋದರಲ್ಲ, ಆ ಭಾಗ ಈ ಉಪದೇಶಕರ ಕಥೆಯಲ್ಲಿ ಬರುವುದೇ ಇಲ್ಲ. ಅದು ಹೈಡ್ರಾದ ಕೆಲಸವಲ್ಲ, ಮೂಸಿ ನದಿ ಯೋಜನೆಗಾಗಿ ಕಂದಾಯ ಇಲಾಖೆ ಮಾಡಿದ್ದು ಎಂದು ಸ್ಪಷ್ಟೀಕರಣ ಬಂತು. ಸಂತೋಷ. ಮನೆ ಹೋಗುವವನಿಗೆ ಯಾವ ಇಲಾಖೆಯ ಬಣ್ಣದ ಡಬ್ಬಿ ಎಂದು ತಿಳಿದರೆ ನಿದ್ದೆ ಚೆನ್ನಾಗಿ ಬರುತ್ತದೆ, ಅಲ್ಲವೇ?

ಮೂಸಿ ನದಿಯನ್ನು ಶುದ್ಧ ಮಾಡಬೇಕು, ಕೊಳಚೆ ನೀರು ಶುದ್ಧೀಕರಣ ಘಟಕಗಳನ್ನು ಕಟ್ಟಬೇಕು, ದಡವನ್ನು ಚಂದ ಮಾಡಬೇಕು, ಅದಕ್ಕಾಗಿ ದಡದಲ್ಲಿರುವವರು ಏಳಬೇಕು. ಇದು ವಾದ. ಎಷ್ಟು ಸರಳವಾಗಿದೆಯೆಂದರೆ ಯಾರೂ ಎರಡನೇ ಸಲ ಯೋಚಿಸುವುದಿಲ್ಲ. ನದಿ ನಾರುತ್ತಿದೆ, ನದಿಯ ಪಕ್ಕದಲ್ಲಿ ಬಡವರಿದ್ದಾರೆ, ಆದ್ದರಿಂದ ಬಡವರನ್ನು ಎಬ್ಬಿಸಿದರೆ ನದಿ ನಾರುವುದಿಲ್ಲ.

ಸರಿ, ಲೆಕ್ಕ ಹಾಕೋಣ. ಹೊಸ ಘಟಕಗಳನ್ನು ಕಟ್ಟಲು ಹೊರಟಾಗ ಅಲ್ಲಿನ ಸರ್ಕಾರವೇ ಕೊಟ್ಟ ಅಂಕಿ: ಹೈದರಾಬಾದ್ ನಗರ ದಿನಕ್ಕೆ ಹೊರಹಾಕುವ ಕೊಳಚೆ ಸುಮಾರು 1,950 ಎಂಎಲ್‌ಡಿ, ಅಂದರೆ 195 ಕೋಟಿ ಲೀಟರ್. ಆಗ ಇದ್ದ 25 ಘಟಕಗಳ ಸಾಮರ್ಥ್ಯ 772 ಎಂಎಲ್‌ಡಿ. ಉಳಿದ ಸಾವಿರಕ್ಕೂ ಹೆಚ್ಚು ಎಂಎಲ್‌ಡಿ ಹಾಗೆಯೇ ಕೆರೆಗೆ, ನಾಲೆಗೆ, ಮೂಸಿಗೆ. ಈಗ ದಡದವರ ಪಾಲು ನೋಡಿ. ತೆರವಿಗೆ ಗುರುತಿಸಿದ ಮನೆಗಳು ಸುಮಾರು 10 ಸಾವಿರ. ಮನೆಗೆ ಐವರಂತೆ 50 ಸಾವಿರ ಜನ. ನಗರವಾಸಿಗೆ ದಿನಕ್ಕೆ 135 ಲೀಟರ್ ನೀರು ಎಂಬುದು ಸರ್ಕಾರಿ ಮಾನದಂಡ, ಅದರಲ್ಲಿ ಶೇ 80 ಕೊಳಚೆಯಾಗುತ್ತದೆ ಎಂಬುದು ಎಂಜಿನಿಯರುಗಳ ಸೂತ್ರ. ಆ ಗಲ್ಲಿಗಳಿಗೆ ಅಷ್ಟು ನೀರು ಎಂದಾದರೂ ಬಂದಿದೆಯೇ ಎಂಬುದನ್ನು ಬಿಡಿ, ಉದಾರವಾಗಿ ಬಂದಿದೆ ಎಂದೇ ಇಟ್ಟುಕೊಳ್ಳೋಣ. ಒಟ್ಟು ಎಷ್ಟಾಯಿತು? 5.4 ಎಂಎಲ್‌ಡಿ. ಸಾವಿರ ಲೀಟರ್ ಕೊಳಚೆಯಲ್ಲಿ ಮೂರು ಲೀಟರೂ ಇಲ್ಲ! ಮಿಕ್ಕ 997 ಲೀಟರ್ ಯಾರ ಮನೆಯದು? ಆ ಮನೆಗಳ ಗೋಡೆಗೆ ಯಾವ ಬಣ್ಣ ಬಳಿದಿರಿ?

ಈ ಮೂರು ಲೀಟರಿನ ಲೆಕ್ಕವನ್ನು ನಾನು ಸಿಕ್ಕಸಿಕ್ಕವರ ಮುಂದೆಲ್ಲ ಇಟ್ಟಿದ್ದೇನೆ. ಕೊನೆಗೆ ಬರುವ ಉತ್ತರ ಒಂದೇ: ‘ಅದೆಲ್ಲ ಸರಿ, ಆದರೆ ಅವರು ನದಿಯ ಜಾಗದಲ್ಲಿ ಇದ್ದಾರಲ್ಲ!’

ನದಿಯ ಜಾಗ. ಕಲಬುರಗಿ, ಬೀದರಿನಿಂದ ಬಸ್ಸು ಹತ್ತಿ ಹೈದರಾಬಾದಿಗೆ ಹೋದವರಿಗೆ ನದಿಯ ಜಾಗ ಚೆನ್ನಾಗಿ ಗೊತ್ತು. ಯಾಕೆಂದರೆ ಬಸ್ಸಿಳಿಯುವುದೇ ಅಲ್ಲಿ. ಇಮ್ಲಿಬನ್‌ನ ಮಹಾತ್ಮ ಗಾಂಧಿ ಬಸ್ ನಿಲ್ದಾಣ ಮೂಸಿಯ ಪಕ್ಕದಲ್ಲಿಲ್ಲ, ಮೂಸಿಯ ಒಳಗಿದೆ. ಪಕ್ಕದಲ್ಲಿ ಮೆಟ್ರೊ ನಿಲ್ದಾಣ. ಸ್ವಲ್ಪ ಮೇಲೆ ಒಂದು ದಡಕ್ಕೆ ಉಸ್ಮಾನಿಯಾ ಆಸ್ಪತ್ರೆ, ಇನ್ನೊಂದು ದಡಕ್ಕೆ ಹೈಕೋರ್ಟು. 2025ರ ಸೆಪ್ಟೆಂಬರ್ ಕೊನೆಗೆ ಮೇಲಿನ ಜಲಾಶಯಗಳ ಗೇಟು ತೆರೆದಾಗ ಬಸ್ ನಿಲ್ದಾಣಕ್ಕೇ ನದಿ ನುಗ್ಗಿ ಪ್ರಯಾಣಿಕರು ಸಿಕ್ಕಿಬಿದ್ದರು. ಪ್ರವಾಹದ ಭಯ ತೋರಿಸಿ ಗುಡಿಸಲು ಎಬ್ಬಿಸುವವರು ಆ ಕಾಂಕ್ರೀಟಿನ ಕಂಬಗಳಿಗೆ ಆರ್‌ಬಿ-ಎಕ್ಸ್ ಬರೆಯುವುದನ್ನು ನಾವು ಬದುಕಿರುವಾಗ ನೋಡುವುದಿಲ್ಲ ಬಿಡಿ.

ಪ್ರವಾಹದ ಮಾತು ಬಂತೆಂದು ಹೇಳುತ್ತೇನೆ. 1908ರ ಸೆಪ್ಟೆಂಬರ್ 28ರಂದು ಮೂಸಿ ಸಾವಿರಾರು ಜನರನ್ನು ನುಂಗಿತು. ಮರುವರ್ಷ ನಿಜಾಮರು ಕರೆಸಿಕೊಂಡದ್ದು ನಮ್ಮ ವಿಶ್ವೇಶ್ವರಯ್ಯನವರನ್ನು. ಅವರು ನದಿಯ ಮೇಲ್ಭಾಗದಲ್ಲಿ ಜಲಾಶಯ ಕಟ್ಟಿ ಎಂದರು. ಉಸ್ಮಾನ್ ಸಾಗರ, ಹಿಮಾಯತ್ ಸಾಗರ ಎದ್ದು ನಿಂತವು. 1912ರಲ್ಲಿ ಸಿಟಿ ಇಂಪ್ರೂವ್‌ಮೆಂಟ್ ಬೋರ್ಡ್ ರಚಿಸಿ, ಕೊಳೆಗೇರಿ ತೆರವು ಮಾಡಿದ ಜೊತೆಗೆ ಹೊಸ ಬಡಾವಣೆಗಳಲ್ಲಿ ಮನೆಗಳನ್ನೂ ಕಟ್ಟಿಸಿದರು. ಅರಸೊತ್ತಿಗೆಯ ಗುಣಗಾನಕ್ಕಲ್ಲ ಇದನ್ನು ಹೇಳಿದ್ದು. ಮನೆ ಕಟ್ಟುವುದೂ ನದಿ ಯೋಜನೆಯ ಕೆಲಸವೇ ಎಂಬುದು ನೂರು ವರ್ಷದ ಹಿಂದೆ ಮತವಿಲ್ಲದ ಪ್ರಜೆಗಳ ಊರಿನಲ್ಲೂ ಗೊತ್ತಿತ್ತು.

‘ಈಗಲೂ ಮನೆ ಕೊಟ್ಟಿದ್ದೇವಲ್ಲ!’ ಹೌದು, ಕೊಟ್ಟಿದ್ದೀರಿ. ಹಿಂದಿನ ಸರ್ಕಾರ ಬೇರೆ ಬಡವರಿಗೆಂದು ಕಟ್ಟಿಸಿದ್ದ 560 ಚದರ ಅಡಿಯ ಡಬಲ್ ಬೆಡ್‌ರೂಂ ಮನೆಗಳನ್ನು ಈ ಬಡವರಿಗೆ ಕೊಟ್ಟಿರಿ. ಒಂದು ಸಾಲಿನಲ್ಲಿ ವರ್ಷಗಟ್ಟಲೆ ನಿಂತವನ ಪಾಲನ್ನು ಇನ್ನೊಬ್ಬನ ಕೈಗಿಟ್ಟು ಇಬ್ಬರಿಂದಲೂ ನಮಸ್ಕಾರ ನಿರೀಕ್ಷಿಸುವ ಜಾಣತನ ಮೆಚ್ಚಬೇಕಾದ್ದೇ. ಮಲಕ್‌ಪೇಟೆಯಲ್ಲಿ ಸಿಕ್ಕವರು ಪುಣ್ಯವಂತರು, ಹಳೆಯ ಬೀದಿ ಕಾಲ್ನಡಿಗೆಯ ದೂರ. ಊರಾಚೆ ಸಿಕ್ಕವಳ ಗತಿ? ನಾಲ್ಕು ಮನೆಯ ಪಾತ್ರೆ ತೊಳೆದು ಬದುಕುವ ಹೆಂಗಸಿಗೆ ಮನೆ ಎಂದರೆ ಬರೀ ನಾಲ್ಕು ಗೋಡೆಯಲ್ಲ. ಬೆಳಗಿನ ಆರಕ್ಕೆ ಮೊದಲ ಮನೆಯ ಗಂಟೆ ಒತ್ತಲು ಆಗುವಷ್ಟು ಹತ್ತಿರ, ನಡುವೆ ಓಡಿ ಬಂದು ಮಗುವಿಗೆ ಉಣ್ಣಿಸುವಷ್ಟು ಹತ್ತಿರ, ತಿಂಗಳ ಕೊನೆಗೆ ಉದ್ದರಿ ಬರೆದುಕೊಳ್ಳುವ ಕಿರಾಣಿ ಅಂಗಡಿ, ಮದರಸಾ, ಸರ್ಕಾರಿ ಶಾಲೆ, ಜ್ವರ ಬಂದರೆ ಉಸ್ಮಾನಿಯಾ. ಇದನ್ನೆಲ್ಲ ಯಾವ ಡಬಲ್ ಬೆಡ್‌ರೂಮಿನಲ್ಲಿ ಇಟ್ಟು ಕೊಟ್ಟಿರಿ? ಮೂರು ಗಂಡುಮಕ್ಕಳು ಮದುವೆಯಾಗಿ ಮೂರು ಒಲೆ ಹೂಡಿದ್ದ ಮನೆಗೆ ಒಂದೇ ಬೀಗದ ಕೈ ಕೊಟ್ಟರೆ ಯಾರು ಒಳಗೆ, ಯಾರು ಹೊರಗೆ? ಬಾಡಿಗೆಗೆ ಇದ್ದವರಂತೂ ಲೆಕ್ಕಕ್ಕೇ ಇಲ್ಲ.

ಅವರು ಲೆಕ್ಕಕ್ಕೆ ಇರಬೇಕು ಎಂದು ಹೇಳುವುದು ನಾನಲ್ಲ, ಕಾನೂನು. 2013ರ ಭೂಸ್ವಾಧೀನ ಕಾಯ್ದೆಯ ಮೂರನೇ ಕಲಂ ತೆಗೆದು ನೋಡಿ. ಸ್ವಾಧೀನಕ್ಕೆ ಮೊದಲು ಮೂರು ವರ್ಷ ಆ ನಗರದ ನೆಲದಲ್ಲಿ ವಾಸವಿದ್ದ ಕುಟುಂಬವೂ ‘ಬಾಧಿತ ಕುಟುಂಬ’. ಪಹಣಿ ಇದೆಯೇ, ನೋಂದಣಿ ಇದೆಯೇ ಎಂದು ಅದು ಕೇಳುವುದಿಲ್ಲ. ಎರಡನೇ ಅನುಸೂಚಿಯಲ್ಲಿ ಪಟ್ಟಿಯೇ ಇದೆ: ನಗರದಲ್ಲಾದರೆ 50 ಚದರ ಮೀಟರಿಗೆ ಕಡಿಮೆಯಿಲ್ಲದ ಮನೆ, ವರ್ಷದವರೆಗೆ ತಿಂಗಳಿಗೆ 3,000 ರೂಪಾಯಿ, ಸಾಗಾಟಕ್ಕೆ 50,000, ಮರುವಸತಿ ಭತ್ಯೆ 50,000, ಕೆಲಸ ಕೊಡಲಾಗದಿದ್ದರೆ 5 ಲಕ್ಷ ಅಥವಾ 20 ವರ್ಷ ಮಾಸಾಶನ. ಕಾಯ್ದೆ ತಂದದ್ದು ಯಾರು? ಕಾಂಗ್ರೆಸ್ ನೇತೃತ್ವದ ಸರ್ಕಾರ. ಮೂಸಿ ದಡದಲ್ಲಿ ಬಣ್ಣ ಬಳಿಸಿದ್ದು ಯಾರು? ಕಾಂಗ್ರೆಸ್ ಸರ್ಕಾರ. ಉತ್ತರ ಪ್ರದೇಶದ ಬುಲ್ಡೋಜರ್ ಕಂಡರೆ ಸಂವಿಧಾನ ಎತ್ತಿ ಹಿಡಿಯುವ ಕೈ, ಹೈದರಾಬಾದಿನಲ್ಲಿ ಗೇರ್ ಹಾಕುತ್ತದೆ.

ಉಪಾಯ ಸುಲಭದ್ದು. ‘ಸ್ವಾಧೀನ’ ಎಂದರೆ ತಾನೇ ಕಾಯ್ದೆ? ‘ಒತ್ತುವರಿ’ ಎಂದುಬಿಡಿ, ಮುಗಿಯಿತು. ಹಕ್ಕು ಹೋಗಿ ದಯೆಯಾಗುತ್ತದೆ. 2024ರ ನವೆಂಬರ್ 13ರಂದು ಸುಪ್ರೀಂ ಕೋರ್ಟು ಬುಲ್ಡೋಜರ್ ನ್ಯಾಯಕ್ಕೆ ಮೂಗುದಾರ ಹಾಕಿ, 15 ದಿನದ ನೋಟಿಸಿಲ್ಲದೆ ಯಾರ ಮನೆಯನ್ನೂ ಒಡೆಯುವಂತಿಲ್ಲ ಎಂದಿತು. ದೇಶವೇ ಸಂಭ್ರಮಿಸಿತು. ಅದೇ ತೀರ್ಪಿನಲ್ಲಿ ರಸ್ತೆ, ಕಾಲುದಾರಿ, ರೈಲು ಹಳಿಯ ಪಕ್ಕ, ನದಿ ಮತ್ತು ಜಲಮೂಲಗಳ ಅನಧಿಕೃತ ಕಟ್ಟಡಗಳಿಗೆ ಈ ರಕ್ಷಣೆಯಿಲ್ಲ ಎಂಬ ಮಾತೂ ಇದೆ. ಈ ದೇಶದ ನಗರಗಳ ಬಡವರು ರಸ್ತೆ, ಕಾಲುದಾರಿ, ಹಳಿ, ನಾಲೆ ಬಿಟ್ಟು ಇನ್ನೆಲ್ಲಿ ಇದ್ದಾರೆ?

ವಿರೋಧ ಪಕ್ಷಗಳಾದರೂ ನೆಟ್ಟಗಿವೆಯೇ? ಮೂರು ತಿಂಗಳು ಮೂಸಿ ದಡದಲ್ಲಿ ಇದ್ದು ತೋರಿಸಿ ಎಂದು ತೆಲಂಗಾಣದ ಮುಖ್ಯಮಂತ್ರಿ ರೇವಂತ್ ರೆಡ್ಡಿ ಸವಾಲು ಹಾಕಿದರು. ಬಿಜೆಪಿಯವರು ‘ಮೂಸಿ ನಿದ್ರೆ’ ಎಂದು ಹೆಸರಿಟ್ಟು 2024ರ ನವೆಂಬರಿನಲ್ಲಿ ಒಂದು ರಾತ್ರಿ ಮಲಗಿ ಎದ್ದರು. ಒಂದು ರಾತ್ರಿ! ಅತ್ತ ಸರ್ಕಾರಿ ತಂಡ ಪತ್ರಕರ್ತರನ್ನೂ ಕಟ್ಟಿಕೊಂಡು ಸೋಲ್‌ಗೆ ಹೋಗಿ ಚಿಯಾಂಗೆಚಿಯಾನ್ ತೊರೆಯ ಮುಂದೆ ಫೋಟೊ ತೆಗೆಸಿಕೊಂಡು ಬಂತು. ಆ ತೊರೆಯಲ್ಲಿ ಹರಿಯುವುದು ಬಹುಪಾಲು ಹಾನ್ ನದಿಯಿಂದ ಪಂಪು ಹಾಕಿ ತಂದ ನೀರು. ಅಲ್ಲಿನ ಬೀದಿ ವ್ಯಾಪಾರಿಗಳನ್ನು ಮೊದಲು ಒಂದು ಕ್ರೀಡಾಂಗಣಕ್ಕೆ ಸಾಗಿಸಿ, ಆಮೇಲೆ ಅಲ್ಲಿಂದಲೂ ಎಬ್ಬಿಸಿದ ಕಥೆಯನ್ನು ಯಾರಾದರೂ ಕೇಳಿ ಬಂದರೇ?

ಇಷ್ಟೆಲ್ಲ ಓದಿ ‘ಹಾಗಾದರೆ ಶುದ್ಧೀಕರಣ ಘಟಕ ಬೇಡವೇ?’ ಎಂದು ಕೇಳುವವರಿಗೆ ನನ್ನ ಉತ್ತರ: ಬೇಕು, ಇನ್ನೂ ಹತ್ತು ಬೇಕು. ಮನೆ ಒಡೆಯದೆ ಕಟ್ಟಿ. ಬೆಂಗಳೂರಿನ ಕಬ್ಬನ್ ಪಾರ್ಕಿನಲ್ಲಿ, ಲಾಲ್‌ಬಾಗಿನಲ್ಲಿ ಕೊಳಚೆ ಶುದ್ಧೀಕರಣ ಘಟಕಗಳಿವೆ. ಬೆಳಗಿನ ವಾಕಿಂಗಿಗೆ ಬರುವ ನಿವೃತ್ತ ಕಾರ್ಯದರ್ಶಿಗಳಲ್ಲಿ ಎಷ್ಟು ಮಂದಿಗೆ ಅದು ಗೊತ್ತು? ಯಾರ ಮನೆಯೂ ಹೋಗಲಿಲ್ಲ, ಯಾರ ಮೂಗೂ ಹೋಗಲಿಲ್ಲ. ಎಂಜಿನಿಯರನಿಗೆ ಚಿಕ್ಕ ಜಾಗದಲ್ಲಿ ಕಟ್ಟಲು ಬರುತ್ತದೆ, ಆದರೆ ಶ್ರೀಮಂತರ ಪಕ್ಕದಲ್ಲಿ ಮಾತ್ರ ಬರುತ್ತದೆ. ರೇಸ್ ಕೋರ್ಸಿನ ಅಷ್ಟೊಂದು ಎಕರೆಯಲ್ಲಿ ಒಂದು ದೊಡ್ಡ ಘಟಕ ಕಟ್ಟೋಣ ಎಂದು ಯಾವ ಸಮಾಲೋಚಕನಾದರೂ ವರದಿ ಬರೆಯಲಿ ನೋಡೋಣ, ಕುದುರೆಗಳ ಪುನರ್ವಸತಿಗೆ ಅಂದೇ ಸಂಪುಟ ಉಪಸಮಿತಿ ಕೂರುತ್ತದೆ.

ಬೆಂಗಳೂರು ಈ ವಿದ್ಯೆಯನ್ನು ಹೈದರಾಬಾದಿನಿಂದ ಕಲಿಯಬೇಕಾಗಿಯೇ ಇಲ್ಲ. 2013ರ ಜನವರಿಯಲ್ಲಿ ಈಜಿಪುರದ ಸುಮಾರು 1,500 ಕುಟುಂಬಗಳನ್ನು ಪೊಲೀಸ್ ಕಾವಲಿನಲ್ಲಿ ಬೀದಿಗೆ ತಳ್ಳಿದ್ದು ಇದೇ ಊರು, ಮಾಲ್ ಕಟ್ಟುವ ಒಪ್ಪಂದಕ್ಕಾಗಿ. 2020ರ ಜನವರಿಯಲ್ಲಿ ಬೆಳ್ಳಂದೂರಿನ ಕರಿಯಮ್ಮನ ಅಗ್ರಹಾರದಲ್ಲಿ ಬಾಂಗ್ಲಾದೇಶಿಗಳು ಎಂಬ ಗುಲ್ಲೆಬ್ಬಿಸಿ ಶೆಡ್ಡುಗಳನ್ನು ನೆಲಸಮ ಮಾಡಿದಾಗ ಬೀದಿಗೆ ಬಿದ್ದವರಲ್ಲಿ ನಮ್ಮ ಉತ್ತರ ಕರ್ನಾಟಕದವರೇ ಇದ್ದರು, ಹೈಕೋರ್ಟು ಛೀಮಾರಿ ಹಾಕಬೇಕಾಯಿತು. ಅದೇ ಬೆಳ್ಳಂದೂರು ಕೆರೆ ನೊರೆ ಉಗುಳಿ, ಬೆಂಕಿ ಹತ್ತಿ ಉರಿದಾಗ ಒಂದಾದರೂ ಅಪಾರ್ಟ್‌ಮೆಂಟನ್ನು ಎಬ್ಬಿಸಿದಿರಾ? 2018ರ ಡಿಸೆಂಬರಿನಲ್ಲಿ ಹಸಿರು ನ್ಯಾಯಮಂಡಳಿ ರಾಜ್ಯಕ್ಕೆ 50 ಕೋಟಿ, ಪಾಲಿಕೆಗೆ 25 ಕೋಟಿ ಎಂದು ದಂಡ ಬರೆಯಿತು. ದಂಡದ ಹಣ ತೆರಿಗೆಯದು, ಅದರಲ್ಲಿ ಶೆಡ್ಡಿನವನು ಬೆಂಕಿಪೊಟ್ಟಣ ಕೊಂಡಾಗ ಕೊಟ್ಟ ಪಾಲೂ ಇದೆ.

ಈ ಊರು ತನಗೆ ಬೇಡವಾದದ್ದನ್ನೆಲ್ಲ ಆಚೆಗೆ ಕಳಿಸುತ್ತದೆ. ಬಡವರು ಊರಂಚಿನ ಸೂಲಿಕುಂಟೆಗೆ, ಎರಡೇ ಹಂತ ಶುದ್ಧೀಕರಿಸಿದ ನೀರು ಕೋಲಾರದ ಕೆರೆಗಳಿಗೆ. ಮೂರನೇ ಹಂತವನ್ನೂ ಮಾಡಿ ಕೊಡಿ ಎಂದು ಕೋಲಾರದವರು ಕೇಳಿದರೆ, ನೀರು ಬಂತಲ್ಲ ಸುಮ್ಮನಿರಿ ಎಂಬ ಧಾಟಿ. ವೃಷಭಾವತಿಯ ಕೊಳಚೆಯಂತೂ ಯಾವ ಯೋಜನೆಯ ಹಂಗೂ ಇಲ್ಲದೆ ಬಿಡದಿ ಬಳಿಯ ಬೈರಮಂಗಲ ಜಲಾಶಯಕ್ಕೆ ಹರಿದು ತಲೆಮಾರುಗಳೇ ಕಳೆದವು. ಅಲ್ಲಿನ ರೈತರು ಆ ನೊರೆನೀರಿನಲ್ಲೇ ಹುಲ್ಲು ಬೆಳೆದು, ಹಸು ಸಾಕಿ, ನಮಗೆ ಹಾಲು ಕಳಿಸಿದರು.

ಈಗ ಅದೇ ಬೈರಮಂಗಲ, ಕಂಚುಗಾರನಹಳ್ಳಿ ಸುತ್ತ ಸಮಗ್ರ ಉಪನಗರಕ್ಕಾಗಿ ಸಾವಿರಾರು ಎಕರೆ ಬೇಕಂತೆ. ರೈತರು ಧರಣಿ ಕೂತಿದ್ದಾರೆ. ಎಕರೆಗೆ ಎಷ್ಟು ದರ ಎಂಬ ಮಾತಷ್ಟೇ ನಡೆಯುತ್ತಿದೆ. ಮೂಲಸೌಕರ್ಯ ಯೋಜನೆಗಳನ್ನು ಸಾಮಾಜಿಕ ಪರಿಣಾಮದ ಅಧ್ಯಯನದಿಂದ ತಪ್ಪಿಸುವ ತಿದ್ದುಪಡಿಯನ್ನು ಕರ್ನಾಟಕ 2019ರಲ್ಲೇ ಮಾಡಿಟ್ಟುಕೊಂಡಿದೆ. ಹಾಗಾಗಿ ಸರ್ಕಾರ ಕೇಳದ ಪ್ರಶ್ನೆಯನ್ನು ರೈತರೇ ಕೇಳಬೇಕು. ದರ ಹೇಳಲು ಬರುವ ಅಧಿಕಾರಿಯನ್ನು ಕೂರಿಸಿ, ಇಷ್ಟು ವರ್ಷ ನಿಮ್ಮೂರಿನ ಕಕ್ಕಸಿನ ನೀರನ್ನು ನಮ್ಮ ಹೊಲದಲ್ಲಿ ಇಟ್ಟುಕೊಂಡದ್ದಕ್ಕೆ ಬಾಡಿಗೆ ಎಷ್ಟಾಯಿತು ಎಂದು ಕೇಳಲಿ. ಆ ಬಾಕಿ ಚುಕ್ತಾ ಆಗುವವರೆಗೆ ಸರ್ವೆ ಕಲ್ಲು ನೆಡಲು ಬಿಡಬಾರದು.