ಬೀದಿಗೆಲ್ಲಾ ಬೆಳಕು, ನಮ್ಮನೆಗೆ ಮಾತ್ರ ಕತ್ತಲು

ಕರೆಂಟ್ ಹೋದ ಕೂಡಲೇ ನಾವೆಲ್ಲ ಮಾಡೋ ಮೊದಲ ಕೆಲಸ ಏನು ಹೇಳಿ? ಮೇಣದಬತ್ತಿ ಹುಡುಕೋದು ಆಮೇಲಿನ ಮಾತು. ಮೊದಲು ಕಿಟಕಿ ಹತ್ತಿರ ಹೋಗಿ ಎದುರು ಮನೆ ಕಡೆ ಇಣುಕಿ ನೋಡ್ತೀವಿ. ಅಲ್ಲೂ ಕತ್ತಲಿದ್ರೆ "ಓ, ಎಲ್ಲಾ ಕಡೆ ಹೋಗಿದೆ" ಅಂತ ಏನೋ ಒಂದು ಸಮಾಧಾನ! ಪಕ್ಕದ ಮನೆಯವರೂ ಸೆಖೆ ಅಂತ ಹೊರಗೆ ಬಂದು ಕಟ್ಟೆ ಮೇಲೆ ಕೂರ್ತಾರೆ. ಸರ್ಕಾರಕ್ಕೆ ನಾಲ್ಕು ಬೈಗುಳ, ಎರಡು ಹಳೇ ಕಥೆ... ಅಷ್ಟೊತ್ತಿಗೆ ಕರೆಂಟ್ ಬಂದಿರುತ್ತೆ.

ಎದುರು ಮನೇಲಿ ಧಾರಾವಾಹಿ ಜೋರಾಗಿ ಓಡ್ತಿದ್ದು, ಬೀದಿ ದೀಪ ಉರೀತಿದ್ದು, ನಮ್ಮನೇಲಿ ಮಾತ್ರ ಕತ್ತಲಾದ್ರೆ ಅದರ ಕಥೆಯೇ ಬೇರೆ. ಮೊದಲು ಬರೋದು ಅನುಮಾನ. ಬಿಲ್ ಕಟ್ಟಿದ್ವಾ? ವೈರಿಂಗ್ ಸುಟ್ಟೋಯ್ತಾ? ಗೀಸರ್ ಆಫ್ ಮಾಡಿದ್ದು ಯಾರು, ಮಾಡದೇ ಇದ್ದಿದ್ದು ಯಾರು? ಊರಿಗೆಲ್ಲಾ ಕರೆಂಟ್ ಹೋದ್ರೆ ತಪ್ಪು ಸರ್ಕಾರದ್ದು, ನಮ್ಮನೇಲಿ ಮಾತ್ರ ಹೋದ್ರೆ ತಪ್ಪು ನಮ್ಮದೇ ಅನ್ನೋ ಭಾವನೆ ಎಲ್ಲರಿಗೂ ಇದೆ. ದೂರು ತಗೊಳ್ಳೋರಿಗೂ ಇದೆ. ನನ್ನ ತಕರಾರು ಇರೋದೇ ಅಲ್ಲಿ.

ಅದಕ್ಕೆ ಮುಂಚೆ, ನಮ್ಮ ಕೈಲಿ ಇರೋ ಕೆಲಸ ಮುಗಿಸೋಣ. ಮೊದಲನೆಯದು, "ನಮ್ಮನೇಲಿ ಮಾತ್ರ" ಅನ್ನೋದು ನಿಜವಾ ಅಂತ ನೋಡಬೇಕು. ಈಗ ಕಿಟಕಿಯಿಂದ ಇಣುಕಿದ್ರೆ ಸಾಲಲ್ಲ. ಅರ್ಧ ಬೀದಿಗೆ ಇನ್ವರ್ಟರ್ ಇದೆ, ಅಪಾರ್ಟ್‌ಮೆಂಟಿಗೆ ಜನರೇಟರ್ ಇದೆ. ಅವರ ಲೈಟ್ ಉರೀತಿದೆ ಅಂದಮಾತ್ರಕ್ಕೆ ಲೈನಲ್ಲಿ ಕರೆಂಟ್ ಇದೆ ಅಂತಲ್ಲ. ಇನ್ನೊಂದು ವಿಷಯ ಬಹಳ ಜನರಿಗೆ ಗೊತ್ತಿರಲ್ಲ. ಕಂಬದ ಮೇಲೆ ಬರೋದು ಮೂರು ಫೇಸ್ ಮತ್ತು ಒಂದು ನ್ಯೂಟ್ರಲ್. ಸಾಮಾನ್ಯ ಮನೆಗೆ ಸಿಗೋದು ಆ ಮೂರರಲ್ಲಿ ಒಂದೇ ಫೇಸ್, 230 ವೋಲ್ಟ್. ನಿಮ್ಮದೊಂದು ಫೇಸ್, ಪಕ್ಕದ ಮನೆಯದು ಇನ್ನೊಂದು ಇರಬಹುದು. ಟಿಸಿ ಹತ್ತಿರ ಒಂದು ಫೇಸಿನ ಫ್ಯೂಸ್ ಹೋದ್ರೆ ಎಡಬಲದ ಮನೇಲಿ ಬೆಳಕಿದ್ದು, ನಾಲ್ಕು ಮನೆ ಆಚೆಯವರು ನಿಮ್ಮ ಹಾಗೇ ಕತ್ತಲಲ್ಲಿ ಕೂತಿರ್ತಾರೆ. ಹಾಗಾಗಿ ಒಂದು ಮನೆ ಕೇಳಿ ಸುಮ್ಮನಾಗಬೇಡಿ, ನಾಲ್ಕು ಮನೆ ಕೇಳಿ.

ಎರಡನೆಯದು, ಮೀಟರ್. ಮೀಟರ್ ತನಕ ಕರೆಂಟ್ ತಂದು ಕೊಡೋದು ವಿದ್ಯುತ್ ಕಂಪನಿಯ ಜವಾಬ್ದಾರಿ, ಅಲ್ಲಿಂದ ಒಳಗೆ ನಮ್ಮದು. ಮೀಟರಿನ ಡಿಸ್ಪ್ಲೇ ಪೂರ್ತಿ ಆರಿದ್ರೆ ಕರೆಂಟ್ ಅಲ್ಲಿಗೇ ಬಂದಿಲ್ಲ ಅನ್ನೋದಕ್ಕೆ ಅದು ಒಳ್ಳೇ ಸುಳಿವು. ಕಂಬದಿಂದ ಮನೆಗೆ ಬರೋ ಸರ್ವಿಸ್ ವೈರ್ ಕಿತ್ತಿರಬಹುದು, ಮರದ ಕೊಂಬೆ ಉಜ್ಜಿರಬಹುದು, ಕಂಬದ ಮೇಲಿನ ಜಾಯಿಂಟ್ ಸಡಿಲ ಆಗಿರಬಹುದು. ಅಲ್ಲಿಗೆ ನಮ್ಮ ಕೆಲಸ ಮುಗೀತು. ಕಂಬ ಹತ್ತೋದು, ಕೋಲು ತಗೊಂಡು ವೈರ್ ಅಲ್ಲಾಡಿಸೋದು ಯಾವ ಕಾರಣಕ್ಕೂ ಬೇಡ. ಬಿದ್ದ ತಂತಿ ಹತ್ತಿರ ಹೋಗೋದಂತೂ ಬೇಡವೇ ಬೇಡ.

ಮೀಟರ್ ಬದುಕಿದ್ರೆ ತೊಂದರೆ ಒಳಗಿದೆ. ಎಂಸಿಬಿ ಬಿದ್ದಿದ್ಯಾ, ಆರ್‌ಸಿಸಿಬಿ ಬಿದ್ದಿದ್ಯಾ ನೋಡಿ. ಇವೆರಡೂ ಒಂದೇ ಅಂದುಕೊಳ್ಳೋರು ತುಂಬಾ ಜನ. ಲೋಡ್ ಜಾಸ್ತಿಯಾದ್ರೆ, ಶಾರ್ಟ್ ಆದ್ರೆ ಎಂಸಿಬಿ ಬೀಳುತ್ತೆ. ಕರೆಂಟ್ ಎಲ್ಲೋ ಸೋರಿ ನೆಲಕ್ಕೆ ಹೋಗ್ತಿದ್ರೆ ಆರ್‌ಸಿಸಿಬಿ ಬೀಳುತ್ತೆ. ಮನೆಗಳಲ್ಲಿ ಸಾಮಾನ್ಯವಾಗಿ ಹಾಕೋದು 30 ಮಿಲಿ ಆಂಪಿಯರಿನದು, ನಮ್ಮ ಜೀವ ಉಳಿಸೋದು ಅದೇ. ಅದು ಬಿದ್ದಿದ್ರೆ ಎಲ್ಲಾ ಎಂಸಿಬಿ ಆಫ್ ಮಾಡಿ, ಆರ್‌ಸಿಸಿಬಿ ಎತ್ತಿ, ಎಂಸಿಬಿಗಳನ್ನ ಒಂದೊಂದಾಗಿ ಹಾಕ್ತಾ ಬನ್ನಿ. ಯಾವುದು ಹಾಕಿದಾಗ ಮತ್ತೆ ಬೀಳುತ್ತೋ ಅಲ್ಲಿದೆ ಕಳ್ಳ. ಮಳೆಗಾಲದಲ್ಲಿ ಹೊರಗಿನ ಲೈಟಿನ ಪಾಯಿಂಟ್, ಉಳಿದ ಕಾಲದಲ್ಲಿ ಗೀಸರ್ ಕಾಯಿಲ್ ಮೇಲೆ ಮೊದಲ ಅನುಮಾನ ಇಟ್ಕೊಳ್ಳಿ. ಆ ಒಂದನ್ನ ಆಫ್ ಮಾಡಿ ಬಿಟ್ಟು ಎಲೆಕ್ಟ್ರಿಷಿಯನ್‌ಗೆ ಹೇಳಿ. ಮತ್ತೆ ಮತ್ತೆ ಎತ್ತಿ ಹಠ ಮಾಡಬೇಡಿ. ಹಳೇ ಮನೇಲಿ ಫ್ಯೂಸ್ ಇದ್ರೆ, ಫ್ಯೂಸ್ ವೈರ್ ಸಿಗಲಿಲ್ಲ ಅಂತ ದಪ್ಪ ತಾಮ್ರದ ಎಳೆ ಕಟ್ಟೋ ಬುದ್ಧಿವಂತಿಕೆ ಬೇಡ. ಫ್ಯೂಸ್ ಸುಡೋ ಬದಲು ಗೋಡೆಯೊಳಗಿನ ವೈರ್ ಸುಡುತ್ತೆ ಅಷ್ಟೇ. ಇನ್ವರ್ಟರ್ ಇದ್ದವರು ಇನ್ನೊಂದು ನೆನಪಿಟ್ಕೊಳ್ಳಿ, ಮೇನ್ ಆಫ್ ಮಾಡಿದ್ರೂ ಇನ್ವರ್ಟರ್ ಕಡೆಯ ವೈರಲ್ಲಿ ಕರೆಂಟ್ ಇರುತ್ತೆ.

ಟೆಸ್ಟರ್ ಇಟ್ರೆ ಸಾಕೆಟ್ಟಿನ ಎರಡೂ ತೂತಲ್ಲಿ ಬೆಳಗುತ್ತೆ, ಆದ್ರೆ ಒಂದು ಬಲ್ಬೂ ಉರಿಯಲ್ಲ. ಇದೊಂದು ವಿಚಿತ್ರ ನೋಡಿದ್ದೀರಾ? ಭೂತಚೇಷ್ಟೆ ಏನಲ್ಲ, ನ್ಯೂಟ್ರಲ್ ಕಟ್ ಆಗಿರೋದರ ಲಕ್ಷಣ. ನಿಮ್ಮನೆಯ ನ್ಯೂಟ್ರಲ್ ಮಾತ್ರ ಹೋದ್ರೆ ಕತ್ತಲು. ಬೀದಿಯ ನ್ಯೂಟ್ರಲ್ಲೇ ಹೋದ್ರೆ ಕೆಲವು ಮನೆಗೆ 230ರ ಬದಲು 400 ವೋಲ್ಟ್ ಹತ್ತಿರ ನುಗ್ಗಿ ಟೀವಿ, ಫ್ರಿಜ್ ಎಲ್ಲಾ ಸುಟ್ಟು ಹೋಗಬಹುದು. ಅಂದ್ರೆ ಒಂದು ಮನೆಯ ದೂರು ಕೆಲವೊಮ್ಮೆ ಬೀದಿಗೆ ಬರಲಿರೋ ಅನಾಹುತದ ಮೊದಲ ಸುದ್ದಿ ಆಗಿರುತ್ತೆ.

ಈಗ ನನ್ನ ತಕರಾರು. ಇಷ್ಟೆಲ್ಲಾ ನೋಡಿ, ತೊಂದರೆ ಹೊರಗಿದೆ ಅಂತ ಖಾತ್ರಿ ಮಾಡಿಕೊಂಡು ಫೋನ್ ಮಾಡ್ತೀರಿ. ಆ ಕಡೆಯಿಂದ ಬರೋ ಮೊದಲ ಪ್ರಶ್ನೆ, "ನಿಮ್ಮನೇಲಿ ಮಾತ್ರಾನಾ ಸಾರ್?" ಹೌದು ಅಂದ ಕೂಡಲೇ ಆ ಧ್ವನಿಯಲ್ಲಿದ್ದ ಅವಸರ ಇಳಿದು ಹೋಗೋದು ಫೋನಲ್ಲೇ ಗೊತ್ತಾಗುತ್ತೆ. ನನಗೂ ಆ ಅನುಭವ ಆಗಿದೆ. "ಒಳಗಡೆ ಚೆಕ್ ಮಾಡಿಸಿ" ಅಂದ್ರು, ಮಾಡಿಸಾಗಿದೆ ಅಂದೆ. "ನಾಳೆ ಬರ್ತಾರೆ" ಅಂದ್ರು. ಅದೇ ಇಡೀ ಬಡಾವಣೆಗೆ ಹೋಗಿದ್ರೆ? ಇನ್ನೂರು ಫೋನ್ ಬಂದಿರ್ತಿತ್ತು, ರಾತ್ರಿಯೇ ಜೀಪ್ ಬಂದಿರ್ತಿತ್ತು.

ಮಾರ್ಗದಾಳುಗಳನ್ನ ನಾನು ಬೈತಾ ಇಲ್ಲ. ಸುರಿಯೋ ಮಳೇಲಿ ಕಂಬ ಹತ್ತಿ ಜೀವ ಪಣಕ್ಕಿಡೋರು ಅವರು. ಇರೋ ನಾಲ್ಕು ಜನ ಮೊದಲು ಸಾವಿರ ಮನೆ ಕಡೆ ಹೋಗ್ಲಿ, ಅದು ನ್ಯಾಯ. ಆದ್ರೆ ಸಾವಿರ ಮನೆ ಕೆಲಸ ಮುಗಿದ ಮೇಲೂ ಒಂದು ಮನೆಯ ಸರದಿ ಬರದೇ ಇರೋದು ಲೆಕ್ಕದ ದೋಷ. ಹೇಗೆ ಅಂತೀರಾ? ವಿದ್ಯುತ್ ಪೂರೈಕೆ ಎಷ್ಟು ಚೆನ್ನಾಗಿದೆ ಅಂತ ಅಳೆಯೋದು ಸರಾಸರಿಯಲ್ಲಿ, ಒಬ್ಬ ಗ್ರಾಹಕನಿಗೆ ವರ್ಷಕ್ಕೆ ಇಷ್ಟು ಹೊತ್ತು ಕರೆಂಟ್ ಇರಲಿಲ್ಲ ಅಂತ. 3,000 ಮನೆ ಇರೋ ಒಂದು ಫೀಡರ್ ಅಂದುಕೊಳ್ಳಿ. ಒಂದು ಮನೆಗೆ 20 ಗಂಟೆ ಕರೆಂಟ್ ಇಲ್ಲ. ಆ 20 ಗಂಟೇನ 3,000 ಮನೆಗೆ ಹಂಚಿದ್ರೆ ತಲಾ 24 ಸೆಕೆಂಡ್! ಆ 24 ಸೆಕೆಂಡೂ ಕಾಗದಕ್ಕೆ ಏರೋದು ಅನುಮಾನ, ಯಾಕೆಂದ್ರೆ ನಮ್ಮಲ್ಲಿ ಈ ಲೆಕ್ಕ ಹೆಚ್ಚಾಗಿ ನಡೆಯೋದು 11 ಕೆವಿ ಫೀಡರ್ ಮಟ್ಟದಲ್ಲಿ. ಫೀಡರ್ ಚಾಲೂ ಇದ್ರೆ ಎಲ್ಲರಿಗೂ ಕರೆಂಟ್ ಇದೆ ಅಂತಲೇ ಲೆಕ್ಕ.

ಆ ಮನೇಲಿ ಆಕ್ಸಿಜನ್ ಕಾನ್ಸನ್‌ಟ್ರೇಟರ್ ಮೇಲೆ ಉಸಿರಾಡೋ ಅಜ್ಜ ಇದ್ರೆ? ಫ್ರಿಜ್ಜಲ್ಲಿ ಇನ್ಸುಲಿನ್ ಇಟ್ಕೊಂಡ, ಮಕ್ಕಳೆಲ್ಲಾ ದೂರದ ಊರಲ್ಲಿರೋ ಅಮ್ಮ ಒಬ್ಬರೇ ಇದ್ರೆ? ಬೆಳಗ್ಗೆ ಪರೀಕ್ಷೆ ಇರೋ ಹುಡುಗಿ ಇದ್ರೆ? ಅವರಿಗೆ ಅದು ಪೂರ್ತಿ 20 ಗಂಟೆ.

ಹಾಗಂತ ಕಾನೂನು ಒಂಟಿ ಮನೇನ ಮರೆತಿಲ್ಲ. 2003ರ ವಿದ್ಯುಚ್ಛಕ್ತಿ ಕಾಯ್ದೆಯ 56ನೇ ಕಲಂ ಪ್ರಕಾರ ಬಿಲ್ ಬಾಕಿಗೆ ಸಂಪರ್ಕ ತೆಗೀಬೇಕಾದ್ರೂ 15 ದಿನ ಮುಂಚೆ ಬರಹದಲ್ಲಿ ನೋಟಿಸ್ ಕೊಡಬೇಕು. ಕೇಂದ್ರ ಸರ್ಕಾರ 2020ರಲ್ಲಿ ಮಾಡಿದ ವಿದ್ಯುತ್ ಗ್ರಾಹಕರ ಹಕ್ಕುಗಳ ನಿಯಮದಲ್ಲಿ ಪರಿಹಾರ ಕೊಡಬೇಕಾದ ಸಂದರ್ಭಗಳ ಪಟ್ಟಿ ಇದೆ. ಒಬ್ಬ ಗ್ರಾಹಕನಿಗೆ ಗೊತ್ತುಮಾಡಿದ ಅವಧಿ ಮೀರಿ ಕರೆಂಟ್ ಇಲ್ಲದಿದ್ರೆ ಅನ್ನೋದು ಅದರಲ್ಲಿ ಸ್ಪಷ್ಟವಾಗಿದೆ. ಗಮನಿಸಿ, "ಒಬ್ಬ ಗ್ರಾಹಕನಿಗೆ". ಬಡಾವಣೆಗೆ ಅಂತಿಲ್ಲ. ದೂರವಾಣಿ ಸಂಖ್ಯೆ 1912 ಇರೋದೂ ಅದಕ್ಕೇ.

ನನ್ನ ಪ್ರಕಾರ ಆಗಬೇಕಾದ್ದು ಮೂರು. ಒಂಟಿ ಮನೆ ದೂರುಗಳನ್ನ ಸರಾಸರಿಗೆ ಬೆರೆಸದೆ ಬೇರೆ ಪಟ್ಟಿ ಮಾಡಿ, ಎಷ್ಟು ಬಂತು, ಎಷ್ಟು ಗಂಟೇಲಿ ಸರಿಹೋಯ್ತು ಅಂತ ತಿಂಗಳಿಗೊಮ್ಮೆ ಸೆಕ್ಷನ್ ಆಫೀಸಿನ ಬೋರ್ಡಿಗೆ ಹಾಕಲಿ. ಕರೆಂಟ್ ಮೇಲೆ ಜೀವ ನಿಂತಿರೋ ಮನೆಗಳ ಹೆಸರು ಮುಂಚೆಯೇ ಬರೆಸಿಕೊಂಡು ಅವಕ್ಕೆ ಮೊದಲ ಸರದಿ ಕೊಡಲಿ. ಮತ್ತೆ, ಕರೆಂಟ್ ಹೋದ ಕ್ಷಣವೇ ಕಚೇರಿಗೆ ಸುದ್ದಿ ಕಳಿಸೋ ಮೀಟರ್‌ಗಳು ಈಗ ಇವೆ. ದುಡ್ಡು ವಸೂಲಿಗೆ ಆ ಮೀಟರ್ ಬೇಕು ಅನ್ನೋರು ಅದರ ಈ ಉಪಯೋಗಾನೂ ನಮಗೆ ಕೊಡಲಿ.

ಅಲ್ಲೀತನಕ ನಾವು ಮಾಡಬಹುದಾದ್ದು ಇಷ್ಟು. ಬಿಲ್ಲಿನ ಮೇಲಿರೋ ಆರ್‌ಆರ್ ನಂಬರನ್ನ ಈಗಲೇ ಮೀಟರ್ ಬಾಕ್ಸಿನ ಮೇಲೆ ದಪ್ಪ ಅಕ್ಷರದಲ್ಲಿ ಬರೆದಿಡಿ, ಕತ್ತಲಲ್ಲಿ ಹಳೇ ಬಿಲ್ ಹುಡುಕೋ ಪಾಡು ತಪ್ಪುತ್ತೆ. ಫೋನ್ ಮಾಡಿದಾಗ ದೂರಿನ ನಂಬರ್ ಕೇಳಿ ಬರ್ಕೊಳ್ಳಿ. ನಂಬರ್ ಇಲ್ಲದ ದೂರು ದೂರೇ ಅಲ್ಲ. ಮತ್ತೆ ನಿಮ್ಮನೇಲಿ ಬೆಳಕಿದ್ದು ಪಕ್ಕದ ಮನೆ ಕತ್ತಲಿದ್ರೆ, ಹೋಗಿ ಒಂದು ಮಾತು ಕೇಳಿ, ಅವರ ಪರವಾಗಿ ನೀವೂ ಒಂದು ಫೋನ್ ಮಾಡಿ. ಒಂದು ಮನೆಯ ದೂರಿಗಿಂತ ಎರಡು ಮನೆಯ ದೂರಿಗೆ ತೂಕ ಜಾಸ್ತಿ. ಹಾಗಿರಬಾರದು ನಿಜ, ಆದ್ರೆ ಸದ್ಯಕ್ಕೆ ಇರೋದು ಹಾಗೇ.

ನಿಮ್ಮ ಏರಿಯಾದಲ್ಲಿ ಹೇಗೆ? ಏನಂತೀರಿ?